ಮತ್ತೆ ಚಿಗುರುವ ಕಾಲು ಮತ್ತು ಛೇದನದ ಅತಿಚಾರ

ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿಕೊಂಡ ಸಮಾಜದಲ್ಲಿ ಹಿಂಸೆಯು ತನ್ನ ನಿಜರೂಪದಲ್ಲಿ ಮನೆಯ ಹೊಸ್ತಿಲು ದಾಟುವುದು ಅಪರೂಪ. ಕಟುಕನ ಕತ್ತಿಯನ್ನು ಕಂಡು ಬೆಚ್ಚುವ ಶ್ರಾವಕನು ಪಶುವೈದ್ಯನ ಕತ್ತರಿಯನ್ನು ಕಂಡು ಬೆಚ್ಚುವುದಿಲ್ಲ. ಔಷಧಿಯ ಪೆಟ್ಟಿಗೆ ಹಿಡಿದು ಬಂದದ್ದೆಲ್ಲವನ್ನೂ ಆತ ದಯೆಯೆಂದೇ ಬರಮಾಡಿಕೊಳ್ಳುತ್ತಾನೆ. ಸಾಕಿದ ಪ್ರಾಣಿಯೊಂದರ ಸೊಟ್ಟಗಾಲನ್ನು ನೆಟ್ಟಗೆ ಮಾಡುವ ಸಲುವಾಗಿ ಆ ಕಾಲನ್ನೇ ಕತ್ತರಿಸಿ ತೆಗೆಯಿಸಬಹುದೇ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಅದರ ಬೇರು ಮಾತ್ರ ಅಣುವ್ರತದ ಬುಡದವರೆಗೆ ಇಳಿದಿದೆ.

ಪ್ರಾಣಿಯ ಹೆಸರು ಆಕ್ಸೊಲಾಟಲ್. ಮೆಕ್ಸಿಕೊ ದೇಶದ ರಾಜಧಾನಿಯ ದಕ್ಷಿಣ ಭಾಗದಲ್ಲಿರುವ ಸೊಚಿಮಿಲ್ಕೊ ಎಂಬ ಸರೋವರ ಹಾಗೂ ಕಾಲುವೆಗಳ ಪ್ರದೇಶವು ಇದರ ಮೂಲ ನೆಲೆ. ಗೇಣುದ್ದದ ಮೈ, ನಾಲ್ಕು ಪುಟ್ಟ ಕಾಲು, ತಲೆಯ ಇಕ್ಕೆಲಗಳಲ್ಲಿ ಗರಿಯಂತೆ ಹರಡಿದ ಮೂರು ಮೂರು ಕಿವಿರು, ಸದಾ ಮುಗುಳ್ನಗುತ್ತಿರುವಂತೆ ತೋರುವ ಬಾಯಿ. ಕಪ್ಪೆಯ ದೂರದ ಬಂಧುವಾದ ಸಲಮಾಂಡರ್ ಕುಲಕ್ಕೆ ಇದು ಸೇರಿದೆ. ಕಿವಿರಿನ ಎಳೆಯ ಅವಸ್ಥೆಯನ್ನು ದಾಟದೆಯೇ ಪ್ರಾಯಕ್ಕೆ ಬಂದು, ಬದುಕನ್ನೆಲ್ಲ ನೀರಿನಲ್ಲಿಯೇ ಕಳೆಯುವುದು ಇದರ ವೈಶಿಷ್ಟ್ಯ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ ಇದು ಸೇರಿತು. ಅದೇ ವರ್ಷ ಮೆಕ್ಸಿಕೊ ತನ್ನ 50 ಪೆಸೊ ನೋಟಿನ ಮೇಲೆ ಇದನ್ನು ಅಚ್ಚು ಹಾಕಿಸಿತು. ಅಮೆರಿಕ, ಯುರೋಪು, ಜಪಾನುಗಳಲ್ಲಿ ಇದನ್ನು ಸಾಕುವವರು ಮೊದಲಿನಿಂದಲೂ ಇದ್ದರು. ಈಗ ಪ್ರಪಂಚದ ಎಲ್ಲೆಡೆಯ ಮಕ್ಕಳಿಗೂ ಇದು ಬೇಕಾಗಿದೆ. ಪರದೇಶಗಳಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳಲ್ಲಿಯೂ, ಭಾರತದ ಮಹಾನಗರಗಳ ಮನೆಗಳಲ್ಲಿಯೂ ಮಗುವಿನ ಹುಟ್ಟುಹಬ್ಬಕ್ಕೆ ಇದನ್ನು ತರುವವರಿದ್ದರೆ ಆಶ್ಚರ್ಯವಿಲ್ಲ.

ತಂದ ಕೆಲವು ದಿನಗಳ ಮೇಲೆ ಕಣ್ಣಿಗೆ ಬೀಳುವುದು ಕಾಲು. ಒಂದು ಮುಂಗಾಲು ಮೊಣಕೈಯಲ್ಲಿ ಹಿಂದಕ್ಕೆ ತಿರುಚಿದೆ, ಅಥವಾ ನಾಲ್ಕು ಬೆರಳಿರಬೇಕಾದಲ್ಲಿ ಆರಿವೆ, ಅಥವಾ ಒಂದೇ ತೋಳಿನಿಂದ ಎರಡು ಅಂಗೈ ಕವಲೊಡೆದಿವೆ. ಮಗು ಅಳುತ್ತದೆ. ತಂದೆ ವಿಚಾರಿಸುತ್ತಾನೆ. ಸಾಕುವವರ ವಲಯದಲ್ಲಿ ಕೇಳಿಬರುವ ಒಂದು ಸಲಹೆ ಸಿದ್ಧವಾಗಿಯೇ ಇರುತ್ತದೆ: ಸೊಟ್ಟಗಿರುವ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆಯಿಸಿರಿ, ಹೊಸ ಕಾಲು ಚೆನ್ನಾಗಿ ಬರುತ್ತದೆ, ಇದು ಕಾಲು ಚಿಗುರುವ ಪ್ರಾಣಿಯಲ್ಲವೇ?

ಚಿಗುರುವುದು ನಿಜ. ಉಭಯಚರಗಳ ಈ ಶಕ್ತಿಯನ್ನು ಇಟಲಿಯ ಸ್ಪಲ್ಲಾಂಜಾನಿ 1768ರಲ್ಲಿಯೇ ಪ್ರಕಟಿಸಿದ್ದನು. ಆಕ್ಸೊಲಾಟಲ್‌ನ ಕಾಲು ತುಂಡಾದರೆ ಒಂದು ದಿನದೊಳಗೆ ಗಾಯದ ಮೇಲೆ ತೆಳುವಾದ ಚರ್ಮ ಹರಡುತ್ತದೆ. ಅದರಡಿಯಲ್ಲಿ ಜೀವಕೋಶಗಳ ಒಂದು ಮೊಗ್ಗು ಮೂಡುತ್ತದೆ. ಆ ಮೊಗ್ಗೇ ಎಲುಬು, ಸ್ನಾಯು, ರಕ್ತನಾಳ, ಬೆರಳುಗಳಾಗಿ ಬೆಳೆಯುತ್ತದೆ. ಎಳೆಯ ಪ್ರಾಣಿಗೆ ಕೆಲವು ವಾರಗಳು ಸಾಕು, ಬೆಳೆದುದಕ್ಕೆ ತಿಂಗಳುಗಳು ಬೇಕು. ಕಾಲಷ್ಟೇ ಅಲ್ಲ, ಬಾಲವೂ ಬೆನ್ನುಹುರಿಯೂ ಹೃದಯದ ಭಾಗವೂ ಮರಳಿ ಬೆಳೆಯಬಲ್ಲವು. 2018ರಲ್ಲಿ ಇದರ ವಂಶವಾಹಿ ಲಿಪಿಯನ್ನು ಬಿಡಿಸಿ ಓದಿದಾಗ ಅದು ಮನುಷ್ಯನದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದೆಂದು ತಿಳಿದುಬಂತು. ಇಂತಹ ಪ್ರಾಣಿಯನ್ನು ಕಂಡು ವಿಜ್ಞಾನಿ ಬೆರಗಾಗುವುದು ಸಹಜವೇ. ಆದರೆ ಈ ಬೆರಗೇ ಶ್ರಾವಕನ ಮನೆಗೆ ಬಂದಾಗ ಒಂದು ಸೋಗಿನ ಸಮಾಧಾನವಾಗಿ ಮಾರ್ಪಡುತ್ತದೆ. ಮರಳಿ ಬರುವುದನ್ನು ತೆಗೆದರೆ ನಷ್ಟವೇನು, ಕೂದಲು ಕತ್ತರಿಸಿದಂತೆ, ಉಗುರು ತೆಗೆದಂತೆ ಎನ್ನುವ ಮಾತು ಹುಟ್ಟುವುದು ಇಲ್ಲಿ.

ಕೂದಲಿಗೆ ನರವಿಲ್ಲ. ಆಕ್ಸೊಲಾಟಲ್‌ನ ಕಾಲಿಗೆ ನರವಿದೆ. ಅಷ್ಟೇ ಅಲ್ಲ, ನರವನ್ನು ಮೊದಲೇ ಕಡಿದ ಸಲಮಾಂಡರಿನ ಕಾಲನ್ನು ಕತ್ತರಿಸಿದರೆ ಆ ಕಾಲು ಚಿಗುರುವುದಿಲ್ಲ. ಇದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದಿರುವ ಸಂಗತಿ. ಹೊಸ ಕಾಲನ್ನು ಬರಿಸುವುದಕ್ಕೆ ನರ ಬೇಕೇ ಬೇಕು. ನೋವನ್ನು ಒಯ್ಯುವುದೂ ನರವೇ. ಚಿಗುರುವ ಶಕ್ತಿಯನ್ನೇ ನೋವಿಲ್ಲದಿರುವುದಕ್ಕೆ ಸಾಕ್ಷಿಯಾಗಿ ಹಿಡಿಯುವ ವಾದ ಇಲ್ಲಿಯೇ ಮುರಿದುಬೀಳುತ್ತದೆ. ಮುನಿಗಳ ಕೇಶಲೋಚವನ್ನು ನಿದರ್ಶನವಾಗಿ ತರುವ ಜಾಣರೂ ಇರಬಹುದು. ಆದರೆ ಮುನಿಯು ಕಿತ್ತುಕೊಳ್ಳುವುದು ತನ್ನ ತಲೆಯ ಕೂದಲನ್ನು, ನೆರೆಯವನ ತಲೆಯದನ್ನಲ್ಲ!

ಇಷ್ಟಕ್ಕೂ ಈ ಕಾಲು ಸೊಟ್ಟಗಾದದ್ದೇಕೆ? ಆಕ್ಸೊಲಾಟಲ್ ಒಂದು ಸಲಕ್ಕೆ ನೂರರಿಂದ ಸಾವಿರದವರೆಗೆ ಮೊಟ್ಟೆಯಿಡುತ್ತದೆ. ಮರಿಗಳು ಹೊರಬಂದ ಮೊದಲ ಕೆಲವು ವಾರಗಳಲ್ಲಿ ಎದುರಿಗೆ ಅಲುಗಾಡಿದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಮಾರಾಟಕ್ಕಾಗಿ ಬೆಳೆಸುವವನ ತೊಟ್ಟಿಯಲ್ಲಿ ಅವು ಒತ್ತೊತ್ತಾಗಿ ಇರುವುದರಿಂದ ಎದುರಿಗೆ ಅಲುಗಾಡುವುದು ಒಡಹುಟ್ಟಿದ ಮರಿಯ ಕಾಲೇ. ವೈದ್ಯನ ಕತ್ತರಿಯಿಂದ ನೇರವಾಗಿ ತುಂಡಾದ ಕಾಲಿಗಿಂತ ಹೀಗೆ ಕಚ್ಚಿ ಹರಿದ ಕಾಲು ವಕ್ರವಾಗಿ ಬೆಳೆಯುವ ಸಂಭವ ಹೆಚ್ಚು. ಹೆಚ್ಚಿನ ಬೆರಳು, ಕವಲೊಡೆದ ಅಂಗೈ, ತಿರುಚಿದ ಮೊಣಕೈ ಇವೆಲ್ಲ ಬಹುಪಾಲು ಇಂತಹ ಕಡಿತದ ಗುರುತುಗಳು. ತುಂಬಿದ ತೊಟ್ಟಿ, ಸಾಲದ ಆಹಾರ, ಬೇರೆ ಬೇರೆ ಅಳತೆಯ ಮರಿಗಳನ್ನು ಬೇರ್ಪಡಿಸುವ ಶ್ರಮವನ್ನು ಉಳಿಸಿಕೊಂಡ ಮಾರಾಟಗಾರ, ಇವರೆಲ್ಲರೂ ಸೇರಿ ಆ ಕಾಲಿನ ಮೇಲೆ ಬರೆದಿಟ್ಟ ಲೆಕ್ಕವದು.

ಇನ್ನೊಂದು ಕಾರಣ ವಂಶದಲ್ಲಿದೆ. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳನ್ನು ಪ್ಯಾರಿಸ್ಸಿಗೆ ಸಾಗಿಸಲಾಯಿತು. ಅವುಗಳಲ್ಲಿ ಆರು ಅಲ್ಲಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಪ್ರಾಧ್ಯಾಪಕ ಆಗಸ್ಟ್ ದ್ಯುಮೆರಿಲ್‌ನ ಕೈಸೇರಿದವು. 1865ರಲ್ಲಿ ಅವು ಮೊಟ್ಟೆಯಿಟ್ಟವು. ಮರಿಗಳನ್ನು ಆತ ಯುರೋಪಿನ ಉದ್ದಗಲಕ್ಕೂ ಹಂಚಿದನು. ಇಂದು ಪ್ರಪಂಚದ ಪ್ರಯೋಗಾಲಯಗಳಲ್ಲಿಯೂ ಮನೆಗಳಲ್ಲಿಯೂ ಇರುವ ಆಕ್ಸೊಲಾಟಲ್‌ಗಳ ವಂಶವನ್ನು ಹಿಂದಕ್ಕೆ ಹಿಡಿದು ಹೋದರೆ ಬಹುಪಾಲು ಆ ತೊಟ್ಟಿಯ ಬಳಿಗೇ ತಲಪುತ್ತದೆ. ಅಷ್ಟು ಕಡಿಮೆ ಪೂರ್ವಜರಿಂದ ಇಷ್ಟು ದೊಡ್ಡ ಸಂತತಿಯನ್ನು, ಅದರಲ್ಲಿಯೂ ಬಣ್ಣದ ಆಸೆಗಾಗಿ ಹತ್ತಿರದ ರಕ್ತಸಂಬಂಧಿಗಳನ್ನೇ ಕೂಡಿಸಿ ಬೆಳೆಸಿದರೆ ಅಡಗಿದ್ದ ದೋಷಗಳು ಹೊರಬರುವುದು ಅನಿವಾರ್ಯ. ಬೆರಳುಗಳು ಮೊಟಕಾಗುವ ಒಂದು ವಂಶದೋಷವನ್ನು ವಿಜ್ಞಾನಿಗಳು ಗುರುತಿಸಿಯೂ ಇದ್ದಾರೆ. ಇಂತಹ ವಂಶದೋಷದ ಕಾಲನ್ನು ಎಷ್ಟು ಸಲ ಕತ್ತರಿಸಿದರೂ ಬರುವುದು ಅದೇ ಕಾಲು. ದೋಷವಿರುವುದು ಕಾಲಿನಲ್ಲಲ್ಲ, ಕಾಲನ್ನು ಕಟ್ಟುವ ಲಿಪಿಯಲ್ಲಿ. ಕತ್ತರಿಸಲು ಸಲಹೆ ಕೊಡುವವರು ಎರಡು ಕಾರಣಗಳಲ್ಲಿ ಯಾವುದೆಂಬುದನ್ನು ಮೊದಲು ಕೇಳುವುದೂ ಇಲ್ಲ.

ಕತ್ತರಿಸಿದ ಮೇಲೆ ಎಲ್ಲವೂ ನೆಟ್ಟಗಾಗುವುದೆಂಬ ಭರವಸೆಯೂ ಇಲ್ಲ. ಒಂದೇ ಕಾಲನ್ನು ಮೇಲಿಂದ ಮೇಲೆ ತುಂಡರಿಸಿದರೆ ಚಿಗುರುವ ಶಕ್ತಿಯೇ ಕುಗ್ಗುತ್ತದೆಂದು 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಪ್ರಜ್ಞೆ ತಪ್ಪಿಸುವ ಔಷಧಿಯ ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಅಪಾಯ. ಗಾಯಕ್ಕೆ ನೀರಿನ ಬೂಷ್ಟು ಹಿಡಿದರೆ ಅದು ಬೇರೆಯೇ ಸಂಕಟ.

ಈಗ ಶಾಸ್ತ್ರದ ಕಡೆಗೆ ಬರಬಹುದು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ಸ್ವಾಧ್ಯಾಯದ ಅಭ್ಯಾಸವಿರುವ ಪ್ರತಿಯೊಬ್ಬ ಶ್ರಾವಕನಿಗೂ ಗೊತ್ತು. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಅವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಛೇದನವನ್ನೇ ಎಲ್ಲಕ್ಕಿಂತ ಮೊದಲು ಇಡಲಾಗಿದೆ. ಕಿವಿ ಮೂಗು ಮೊದಲಾದ ಅವಯವಗಳನ್ನು ತೆಗೆಯುವುದೇ ಛೇದವೆಂದು ಪೂಜ್ಯಪಾದರು ವಿವರಿಸಿದ್ದಾರೆ. ಅಂದಿನ ಕಾಲದಲ್ಲಿ ಈ ಅತಿಚಾರಕ್ಕೆ ಗುರಿಯಾಗುತ್ತಿದ್ದವು ದನಕರುಗಳು: ಕಿವಿ ಕೊಯ್ದು ಗುರುತು ಮಾಡುವುದು, ಮೂಗು ಚುಚ್ಚುವುದು. ಆ ಪಶುಗಳ ಒಡೆಯನೂ ಅದು ಹಿಂಸೆಯೆಂದು ಭಾವಿಸಿರಲಿಲ್ಲ. ಪಶುವಿನ ಒಳಿತಿಗೇ, ಕಳೆದುಹೋಗದಿರಲಿಕ್ಕೇ ಎನ್ನುತ್ತಿದ್ದನು. ಕತ್ತರಿಸಿದ ಅವಯವ ಮರಳಿ ಬರುವುದಾದರೆ ದೋಷವಿಲ್ಲವೆಂಬ ಒಂದು ವಿನಾಯಿತಿಯನ್ನು ಆಚಾರ್ಯರು ಎಲ್ಲಿಯೂ ಇಟ್ಟಿಲ್ಲ. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಆಘಾತವಾಗುವುದು ಹಿಂಸೆ ಎಂಬ ಲಕ್ಷಣದಲ್ಲಿ ಆಘಾತವು ಶಾಶ್ವತವಾಗಿರಬೇಕೆಂಬ ಷರತ್ತೂ ಇಲ್ಲ.

ನಷ್ಟವಿಲ್ಲದಿದ್ದರೆ ಹಿಂಸೆಯಿಲ್ಲ ಎಂಬ ವಾದಕ್ಕೆ ಕನ್ನಡ ನಾಡಿನ ಜೈನರಿಗೆ ಉತ್ತರವನ್ನು ಹೊರಗೆ ಹುಡುಕಬೇಕಾಗಿಲ್ಲ. ಯಶೋಧರನ ಕಥೆಯನ್ನು ಜನ್ನಕವಿಯು ಕನ್ನಡಕ್ಕೆ ತಂದು ಎಂಟುನೂರು ವರ್ಷಗಳ ಮೇಲಾಯಿತು. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಒಂದು ತೊಟ್ಟು ರಕ್ತವೂ ಹರಿಯಲಿಲ್ಲ. ಆದರೂ ಕೊಲ್ಲುವ ಸಂಕಲ್ಪವೊಂದೇ ತಾಯಿ ಮಗನನ್ನು ತಿರ್ಯಂಚ ಭವಗಳಲ್ಲಿ ಅಲೆಸಿತು. ನವಿಲಾಗಿ ನಾಯಿಯಾಗಿ ಹುಟ್ಟಿ ತಮ್ಮದೇ ಅರಮನೆಯಲ್ಲಿ ಸಾಕುಪ್ರಾಣಿಗಳಾಗಿ ಬಾಳಿದರು, ಒಂದು ಭವದಲ್ಲಿ ಜಲಚರಗಳೂ ಆದರು. ರಕ್ತವೇ ಇಲ್ಲದ ಹಿಟ್ಟಿನ ಕೋಳಿಯ ಕಡಿತವು ಅಷ್ಟನ್ನು ಕಟ್ಟಿತೆಂದರೆ, ರಕ್ತ ನರ ಎಲುಬುಗಳಿರುವ ಪಂಚೇಂದ್ರಿಯ ಜೀವಿಯ ಕಾಲನ್ನು ಕೇವಲ ನೋಟಕ್ಕಾಗಿ ಕಡಿಸುವುದು ಏನನ್ನು ಕಟ್ಟೀತು? ಯಶೋಧರನ ಕಥೆಯನ್ನು ಪರ್ಯುಷಣದಲ್ಲಿ ಕೇಳಿ ಕಣ್ಣೀರಿಡುವ ಮನೆಯಲ್ಲಿಯೇ ಈ ಪ್ರಶ್ನೆಗೆ ಅವಕಾಶ ದೊರೆಯದಿದ್ದರೆ ಆ ಕಣ್ಣೀರಿಗೆ ಬೆಲೆಯೇನು?

ಇದರಿಂದ ಚಿಕಿತ್ಸೆಯೇ ಪಾಪವೆಂದು ತಿಳಿಯಬಾರದು. ಕಾಲು ಕೊಳೆಯುತ್ತಿದ್ದರೆ, ನಂಜು ಮೇಲಕ್ಕೆ ಏರುತ್ತಿದ್ದರೆ, ತಿರುಚಿದ ತೋಳು ಕಿವಿರಿಗೆ ಉಜ್ಜಿ ಹುಣ್ಣಾಗುತ್ತಿದ್ದರೆ, ಇಂತಹ ಪ್ರಾಣಿಗಳನ್ನು ಬಲ್ಲ ವೈದ್ಯನು ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಕ್ರಿಯೆ ಬೇರೆಯ ಮಾತು. ಅಲ್ಲಿ ಉದ್ದೇಶವು ಪೀಡೆಯ ನಿವಾರಣೆ. ವೈದ್ಯನ ಶಸ್ತ್ರವನ್ನೂ ವೈರಿಯ ಶಸ್ತ್ರವನ್ನೂ ಭಾವದಿಂದಲೇ ಬೇರ್ಪಡಿಸುವುದು ಜೈನ ವಿಚಾರದ ಹಳೆಯ ರೀತಿ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾಲು ಪೀಡಿಸುತ್ತಿರುವುದು ಯಾರನ್ನು? ಆಕ್ಸೊಲಾಟಲ್ ನೀರಿನ ಜೀವಿ. ಮೈಭಾರವನ್ನು ನೀರೇ ಹೊರುತ್ತದೆ. ಅವಸರದಲ್ಲಿ ಅದು ಚಲಿಸುವುದು ಬಾಲದಿಂದ, ಕಾಲುಗಳಿಂದಲ್ಲ. ಬಾಯಿ ತೆರೆದು ನೀರಿನೊಡನೆ ಆಹಾರವನ್ನು ಒಳಗೆಳೆದುಕೊಳ್ಳುವುದರಿಂದ ಉಣ್ಣಲು ಕೈಗಳ ಹಂಗಿಲ್ಲ. ಒಂದು ಬೆರಳು ಹೆಚ್ಚಿದ್ದರೂ ಒಂದು ಮೊಣಕೈ ತಿರುಗಿದ್ದರೂ ಅದು ಉಂಡು, ನಡೆದು, ಮರೆಯಲ್ಲಿ ಮಲಗಿ ತನ್ನ ಆಯುಷ್ಯವನ್ನು ಪೂರೈಸಬಲ್ಲದು. ನೊಂದಿರುವುದು ಗಾಜಿನ ಹೊರಗಿರುವ ಕಣ್ಣು. ಆ ಕಣ್ಣಿನ ನೋವಿಗೆ ಒಳಗಿನ ಜೀವ ಕಾಲು ತೆರಬೇಕೆ?

ಮೆಕ್ಸಿಕೊದ ಪ್ರಾಚೀನ ಜನರಲ್ಲಿ ಈ ಪ್ರಾಣಿಯ ಬಗೆಗೆ ಒಂದು ಪುರಾಣವಿದೆ. ಶೋಲೊಟ್ಲ್ ಎಂಬುದು ಅವಳಿಗಳ, ಅಂಗವಿಕಲರ ದೇವತೆ. ದೇವತೆಗಳೆಲ್ಲ ಸೂರ್ಯನ ಚಲನೆಗಾಗಿ ಬಲಿಯಾಗಬೇಕಾಗಿ ಬಂದಾಗ ಅವನು ಸಾವಿಗೆ ಅಂಜಿ ಓಡಿದನಂತೆ. ಮೆಕ್ಕೆಜೋಳದ ಗಿಡವಾಗಿ, ಕತ್ತಾಳೆಯಾಗಿ ಅಡಗಿ, ಕೊನೆಗೆ ನೀರಿಗಿಳಿದು ಆಕ್ಸೊಲಾಟಲ್ ಆದನಂತೆ. ಅಲ್ಲಿಯೂ ಅವನನ್ನು ಹಿಡಿದು ಕೊಂದರು. ಬಲಿಯನ್ನು ಒಪ್ಪುವ ಮತ ಜೈನರದಲ್ಲವಾದ್ದರಿಂದ ಆ ಕಥೆಯ ಉಳಿದ ಭಾಗ ಇಲ್ಲಿ ಬೇಕಿಲ್ಲ. ನೀರಿನೊಳಗೂ ಬಿಡದೆ ಬೆನ್ನಟ್ಟಿದ ಕತ್ತಿಯಷ್ಟು ಸಾಕು.

ಕತ್ತರಿಸಬಾರದೆಂದರೆ ಸಂತೋಷಪಡುವ ಇನ್ನೊಂದು ಪಕ್ಷವಿದೆ. ಅದರ ಮಾತು ಇನ್ನೂ ಕಠಿಣ. ಪ್ರಾಣಿಯು ಮಾಂಸಾಹಾರಿ, ಶ್ರಾವಕನು ಅದಕ್ಕೆ ಹುಳುಗಳನ್ನು ಹಾಕುವುದೆಂದರೇನು, ಅದು ತನ್ನ ಕರ್ಮವನ್ನು ಅನುಭವಿಸಲಿ, ಅನ್ನವನ್ನೋ ಬೇಳೆಯನ್ನೋ ಹಾಕಿ ತಿಂದರೆ ತಿನ್ನಲಿ, ಇಲ್ಲದಿದ್ದರೆ ಸಲ್ಲೇಖನವಾಯಿತೆಂದು ತಿಳಿಯೋಣ ಎನ್ನುವವರ ಪಕ್ಷ. ಸಲ್ಲೇಖನದಂತಹ ಪವಿತ್ರ ವ್ರತದ ಹೆಸರನ್ನು ಒಂದು ಉಪವಾಸದ ಕೊಲೆಗೆ ಇಡುವುದು ಅಜ್ಞಾನವಲ್ಲ, ಅಪಚಾರ. ವ್ರತವನ್ನು ಸ್ವೀಕರಿಸುವವನು ವಿವೇಕದಿಂದ ತಾನೇ ಸ್ವೀಕರಿಸಬೇಕು. ಗಾಜಿನೊಳಗೆ ಕೂಡಿಹಾಕಿ ಅನ್ಯರು ಹೊರಿಸುವುದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಅನ್ನಪಾನನಿರೋಧ. ಆಕ್ಸೊಲಾಟಲ್ ಸಸ್ಯಾಹಾರದಿಂದ ಬದುಕಲಾರದು. ಎರೆಹುಳು, ಕೆಂಪು ರಕ್ತಹುಳು, ಮೀನಿನ ಪುಡಿಯಿಂದ ಮಾಡಿದ ಗುಳಿಗೆ ಇವೇ ಅದರ ಆಹಾರ. ಕೂಡಿಟ್ಟವನಿಗೆ ಉಣಿಸುವ ಹೊಣೆ ತಪ್ಪಿದ್ದಲ್ಲ.

ಆದರೆ ಈ ಪಕ್ಷದವರು ಎತ್ತಿದ ಸಂಕಟ ಸುಳ್ಳಲ್ಲ. ಎರೆಹುಳು ದ್ವೀಂದ್ರಿಯ ಜೀವಿ. ಬೆಳೆದ ಒಂದು ಆಕ್ಸೊಲಾಟಲ್‌ಗೆ ಮೂರು ದಿನಗಳಿಗೆ ಎರಡು ಹುಳು ಎಂದಿಟ್ಟುಕೊಂಡರೂ ವರ್ಷಕ್ಕೆ 240ರ ಮೇಲಾಯಿತು. ಚೆನ್ನಾಗಿ ನೋಡಿಕೊಂಡರೆ ಹತ್ತರಿಂದ ಹದಿನೈದು ವರ್ಷ ಬಾಳುವ ಪ್ರಾಣಿಯಿದು. ಹತ್ತು ವರ್ಷಕ್ಕೆ 2,400 ಹುಳುಗಳಾದವು. ಮಳೆಗಾಲದಲ್ಲಿ ಅಂಗಳದ ಎರೆಹುಳುವನ್ನು ಕಡ್ಡಿಯಿಂದ ಮೆಲ್ಲನೆ ಬದಿಗಿಡುವ ಅಜ್ಜಿಯ ಮನೆಯಲ್ಲಿ ಮೊಮ್ಮಗ ಅದೇ ಹುಳುಗಳ ಡಬ್ಬಿಯನ್ನು ಹಣ ಕೊಟ್ಟು ತರುತ್ತಾನೆ! ಗುಳಿಗೆ ಹಾಕಿದರೆ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಮೀನು ಎಲ್ಲಿಯೋ ಸತ್ತಿರುತ್ತದೆ. ಈ ಲೆಕ್ಕದಿಂದ ಹೊರಬರುವ ದಾರಿ ಪ್ರಾಣಿಯನ್ನು ಮನೆಗೆ ತಂದ ಮೇಲೆ ಯಾವುದೂ ಇಲ್ಲ. ದಾರಿ ಇದ್ದದ್ದು ತರುವುದಕ್ಕೆ ಮೊದಲು. ಸೊಟ್ಟಗಾಲಿಗೆ ಮರುಗಿದ ಮನೆಯಲ್ಲಿ ಹುಳುವಿಗೆ ಮರುಗಿದವರಾರು, ತೊಟ್ಟಿಯ ಗಾಜಿಗೆ ಮರುಗಿದವರಾರು? ಬಂಧವೂ ಅತಿಚಾರವೇ. ಇಷ್ಟವಾದ ಕಡೆಗೆ ಹೋಗದಂತೆ ತಡೆಯುವುದು ಬಂಧವೆಂದು ವ್ಯಾಖ್ಯಾನಗಳು ಹೇಳುತ್ತವೆ. ಕಾಲು ಸೊಟ್ಟಗಿರಲಿ ನೆಟ್ಟಗಿರಲಿ, ಎರಡು ಅಡಿ ನಡೆದರೆ ಗಾಜು ತಗಲುತ್ತದೆ.

ದಿಲ್ಲಿಯ ಚಾಂದನಿ ಚೌಕದಲ್ಲಿರುವ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ಇಲ್ಲಿ ನೆನೆಯಬೇಕು. ಗಾಯಗೊಂಡ ಪಾರಿವಾಳ, ಗಿಳಿ, ಗುಬ್ಬಿಗಳನ್ನು ಅಲ್ಲಿ ಒಳಗಿಟ್ಟುಕೊಂಡು ಆರೈಕೆ ಮಾಡುತ್ತಾರೆ. ಮಾಂಸಾಹಾರಿಗಳಾದ ಹದ್ದು ಗಿಡುಗಗಳು ಬಂದರೆ ಅವನ್ನೂ ತಿರಸ್ಕರಿಸುವುದಿಲ್ಲ. ಚಿಕಿತ್ಸೆ ಮಾಡಿ ಕಳುಹಿಸುತ್ತಾರೆ, ಒಳಗೆ ಮಾತ್ರ ಇರಿಸಿಕೊಳ್ಳುವುದಿಲ್ಲ. ಗಾಯಕ್ಕೆ ಜಾತಿಯಿಲ್ಲವೆಂಬುದನ್ನೂ, ಹಿಂಸ್ರ ಜೀವಿಯನ್ನು ಸಾಕುವುದರಲ್ಲಿ ಇತರ ಜೀವಿಗಳ ಸಾವು ಸೇರಿದೆಯೆಂಬುದನ್ನೂ ಆ ಸಂಸ್ಥೆಯ ಹಿರಿಯರು ಒಟ್ಟಿಗೆ ಕಂಡಿದ್ದರು. ಚಿಕಿತ್ಸೆ ಪಡೆದ ಗಿಡುಗವು ಹಾರಿಹೋಗಿ ತನ್ನ ಪಾಡನ್ನು ನೋಡಿಕೊಳ್ಳುತ್ತದೆ. ಆಕ್ಸೊಲಾಟಲ್‌ಗೆ ಹೋಗಲು ಎಡೆಯಿಲ್ಲ. ಆದ್ದರಿಂದಲೇ ಆ ಹಿರಿಯರ ಮಾರ್ಗವನ್ನು ಅಕ್ಷರಶಃ ಇಲ್ಲಿ ಹಿಡಿಯಲಾಗದು. ಹಿಡಿಯಬೇಕಾದದ್ದು ಅವರ ಎಚ್ಚರವನ್ನು.

ಹಣದ ಮಾತು ಉಳಿದಿದೆ. ಅಂಗವಿಕಲ ಮರಿಗಳನ್ನು ಮಾರಾಟಗಾರರು ಕಡಿಮೆ ಬೆಲೆಗೆ ಕೊಡುತ್ತಾರೆ, ಯಾರೂ ಕೊಳ್ಳದಿದ್ದರೆ ಕೊಂದುಹಾಕುವವರೂ ಇದ್ದಾರೆ. ಇದನ್ನು ಕೇಳಿದ ದಯಾಳುವಾದ ಶ್ರಾವಕನು ಕಟುಕನಿಂದ ಕುರಿಯನ್ನು ಬಿಡಿಸಿದಂತೆ ಇದನ್ನೂ ಬಿಡಿಸೋಣವೆಂದು ಹಣ ತೆರುತ್ತಾನೆ. ಅಭಯದಾನವೆಂದು ಮನಸ್ಸಿಗೆ ಹೇಳಿಕೊಳ್ಳುತ್ತಾನೆ. ಒಂದು ಸಲಕ್ಕೆ ಸಾವಿರ ಮೊಟ್ಟೆಯಿಡುವ ಪ್ರಾಣಿಯ ವ್ಯಾಪಾರದಲ್ಲಿ ಈ ಅಭಯದಾನದ ಫಲವೆಂದರೆ, ಸೊಟ್ಟಗಾಲಿನ ಮರಿಗೂ ಗಿರಾಕಿಯಿದ್ದಾನೆಂಬ ತಿಳಿವಳಿಕೆ. ಮುಂದಿನ ತೊಟ್ಟಿಯೂ ಅಷ್ಟೇ ತುಂಬಿರುತ್ತದೆ, ಮುಂದಿನ ಮರಿಗಳೂ ಅಷ್ಟೇ ಕಚ್ಚಾಡುತ್ತವೆ. ಕಚ್ಚಿದ್ದು ಮಾರಾಟಗಾರನ ತೊಟ್ಟಿಯಲ್ಲಿ, ಕೊಂಡವನಿಗೇಕೆ ದೋಷ ಎನ್ನುವಂತಿಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಬೆಲೆ ತೆತ್ತವನು ಎರಡನೆಯದರಲ್ಲಿಯೋ ಮೂರನೆಯದರಲ್ಲಿಯೋ ಸಿಕ್ಕಿಯೇ ಇದ್ದಾನೆ. ಬೇರೊಬ್ಬರು ಸಾಕಲಾರದೆ ಬಿಟ್ಟುಕೊಟ್ಟದ್ದನ್ನು ಬೆಲೆಯಿಲ್ಲದೆ ಪಡೆದು ಕಾಪಾಡುವವನ ಮಾತು ಬೇರೆ. ಅವನನ್ನು ದೂರುವುದು ನ್ಯಾಯವಲ್ಲ. ಇನ್ನು ಕೆಲವರು ಮನೆಯಲ್ಲಿಯೇ ಮರಿ ಮಾಡಿಸಿ ಮಾರಿ ತೊಟ್ಟಿಯ ಖರ್ಚನ್ನು ಸರಿದೂಗಿಸಲು ನೋಡುತ್ತಾರೆ. ಬೆಕ್ಕು ನಾಯಿ ಮೊದಲಾದವುಗಳನ್ನು ಹಣಕ್ಕಾಗಿ ಸಾಕುವುದನ್ನು ಅಸತೀಪೋಷಣವೆಂದು ಕರೆದು ಶ್ರಾವಕನಿಗೆ ಸಲ್ಲದ ಹದಿನೈದು ವೃತ್ತಿಗಳಲ್ಲಿ ಸೇರಿಸಿರುವುದನ್ನು ಅವರು ಒಮ್ಮೆ ತೆರೆದು ನೋಡುವುದು ಒಳಿತು.

ರಾಜಶಾಸನವೂ ಸುಮ್ಮನಿಲ್ಲ. ವಿನಾಶದ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಆಕ್ಸೊಲಾಟಲ್ ಇದೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಮೇರೆಗೆ ಇಂತಹ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಇದನ್ನು ಸಾಕುವುದೇ ಕಾನೂನುಬಾಹಿರ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯದ ನಿಯಮವನ್ನು ಮೀರಿದ ವ್ಯವಹಾರವೂ ಒಂದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವಿಷಯ ಸಂಬಂಧಿಸುವುದು ಕಲ್ಯಾಣಿಗಳ ಮೂಲಕ. ಸಾಕಿ ಬೇಸತ್ತ ಮೀನುಗಳನ್ನು, ಕೆಂಪುಕಿವಿಯ ವಿದೇಶಿ ಆಮೆಗಳನ್ನು ಕೆರೆಗೋ ದೇವಸ್ಥಾನದ ಕೊಳಕ್ಕೋ ಬಿಟ್ಟು ಪುಣ್ಯ ಬಂತೆಂದು ಕೈತೊಳೆದುಕೊಳ್ಳುವ ಪದ್ಧತಿ ಬೆಳೆದಿದೆ. ಆಕ್ಸೊಲಾಟಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ತಣ್ಣನೆಯ ನೀರು ಬೇಕು. 24 ದಾಟಿದರೆ ಅದು ಬಳಲುತ್ತದೆ. ಕರ್ನಾಟಕದ ಬೇಸಗೆಯ ಕಲ್ಯಾಣಿಗೆ ಅದನ್ನು ಬಿಡುವುದೆಂದರೆ ನಿಧಾನವಾಗಿ ಬೇಯಿಸಿದಂತೆ. ಚಳಿಗಾಲದಲ್ಲಿ ಬದುಕಿದಷ್ಟು ದಿನವೂ ಅದು ಗೊದಮೊಟ್ಟೆಗಳನ್ನು ತಿನ್ನುತ್ತದೆ. ಉಭಯಚರಗಳನ್ನು ಜಗತ್ತಿನಾದ್ಯಂತ ಬಲಿತೆಗೆದುಕೊಂಡ ಬೂಷ್ಟುರೋಗವು ಸಾಕಿದ ಪ್ರಾಣಿಗಳ ಮೂಲಕ ಕೊಳದ ಕಪ್ಪೆಗಳಿಗೆ ಹರಡುವ ಅಪಾಯವೂ ಇದೆ. ರಾಜಗೃಹದಲ್ಲಿ ಒಂದು ಹೂವನ್ನು ಹಿಡಿದು ಭಗವಂತನ ಪೂಜೆಗೆ ಹೊರಟು ದಾರಿಯಲ್ಲಿ ಆನೆಯ ಕಾಲಿಗೆ ಸಿಕ್ಕಿ ಸತ್ತು ದೇವನಾದ ಮಂಡೂಕದ ಕಥೆಯನ್ನು ಮಕ್ಕಳಿಗೆ ಹೇಳುವ ಬಸದಿಯ ಕಲ್ಯಾಣಿಯಲ್ಲಿ ಮಂಡೂಕಗಳೇ ಇಲ್ಲದಂತಾದರೆ ಆ ಕಥೆಗೆ ಯಾವ ಅರ್ಥ?

ಹೊರಗಿನ ಜೀವಿಯನ್ನು ತಂದು ನೀರಿಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಸೊಚಿಮಿಲ್ಕೊವೇ ಸಾಕ್ಷಿ. ಜನರಿಗೆ ಆಹಾರವಾಗಲೆಂಬ ಸದುದ್ದೇಶದಿಂದಲೇ ಅಲ್ಲಿನ ನೀರಿಗೆ ಕಾರ್ಪ್ ಮತ್ತು ತಿಲಾಪಿಯ ಮೀನುಗಳನ್ನು ಬಿಡಲಾಗಿತ್ತು. ಅವು ಆಕ್ಸೊಲಾಟಲ್‌ನ ಮೊಟ್ಟೆ ಮರಿಗಳನ್ನು ತಿಂದವು. ನಗರದ ಕೊಳಚೆ ಉಳಿದ ಕೆಲಸವನ್ನು ಮಾಡಿತು. 1998ರಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು 2008ಕ್ಕೆ 100 ಆದವು, 2014ರ ಗಣತಿಯಲ್ಲಿ 36. ಗಾಜಿನ ತೊಟ್ಟಿಗಳಲ್ಲಿ ಅಸಂಖ್ಯವಾಗಿರುವ ಜೀವಿ ತನ್ನ ನೆಲೆಯಲ್ಲಿ ಬೆರಳೆಣಿಕೆಗೆ ಬಂದಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಕೊಂಡದ್ದರಿಂದ ಆ 36 ಒಂದೂ ಹೆಚ್ಚಲಿಲ್ಲ. ಮನೆಯ ಪ್ರಾಣಿಗಳನ್ನು ಅಲ್ಲಿಗೆ ಮರಳಿ ಬಿಡುವಂತೆಯೂ ಇಲ್ಲ. ಅವುಗಳ ವಂಶ ಬೆರೆತುಹೋಗಿದೆ, ರೋಗಗಳ ಭಯವೂ ಇದೆ.

ಹಾಗಾಗಿ ಈಗಾಗಲೇ ತಂದವರಿಗೆ ಉಳಿದಿರುವುದು ಅದರ ಕೊನೆಯವರೆಗಿನ ಸೇವೆ. ಸೊಟ್ಟಗಾಲಿನ ಪ್ರಾಣಿಗೆ ಬೇಕಾದ ವಿಶೇಷ ಉಪಚಾರ ಬಹಳವಿಲ್ಲ. ಅದನ್ನು ಒಂಟಿಯಾಗಿಯೇ ಇಡಬೇಕು. ಜೊತೆಗೆ ಇನ್ನೊಂದನ್ನು ತಂದರೆ ಕಡಿತವೂ ಮರಿಗಳೂ ಮರಳಿ ಬಂದವು. ತೊಟ್ಟಿಯ ತಳಕ್ಕೆ ಚಿಕ್ಕ ಕಲ್ಲುಗಳನ್ನು ಹಾಸಬಾರದು, ಆಹಾರದೊಡನೆ ನುಂಗಿದರೆ ಕರುಳು ಕಟ್ಟುತ್ತದೆ. ಸೊಟ್ಟಗಾಲು ಅವುಗಳ ನಡುವೆ ಸಿಕ್ಕಿಕೊಳ್ಳಲೂಬಹುದು. ಕಣ್ಣಿಗೆ ರೆಪ್ಪೆಯಿಲ್ಲದ ಜೀವಿಯಾದುದರಿಂದ ಮಂದವಾದ ಬೆಳಕು, ಅಡಗಲು ಒಂದು ಮಡಕೆಯ ಚೂರಿನ ಮರೆ ಬೇಕು. ಫಿಲ್ಟರಿನ ನೀರಿನ ಸೆಳೆತ ಮೆಲ್ಲಗಿರಬೇಕು. ವಾರಕ್ಕೊಮ್ಮೆ ತೊಟ್ಟಿಯ ನೀರಿನ ಒಂದಂಶವನ್ನು ಬದಲಿಸಬೇಕು, ಹೊಸ ನೀರಿನಲ್ಲಿ ಕ್ಲೋರಿನ್ ಉಳಿದಿರಬಾರದು. ಬೆಂಗಳೂರಿನ ಏಪ್ರಿಲ್ ತಿಂಗಳಲ್ಲಿ ನೀರನ್ನು ತಣಿಸುವ ಯಂತ್ರವಿಲ್ಲದೆ ಆಗದು. ವಿದ್ಯುತ್ತು ಹೋದ ಮಧ್ಯಾಹ್ನಕ್ಕೂ ಒಂದು ಏರ್ಪಾಡಿರಬೇಕು. ನಡೆಯಲು ತಡವರಿಸುವ ಪ್ರಾಣಿಯ ಬಾಯಿಯ ಬಳಿಗೇ ಆಹಾರವನ್ನು ಚಿಮುಟದಿಂದ ಹಿಡಿದರೆ ಸಾಕು. ಹುಳು ಹಾಕುವವರು ಅದನ್ನು ಮಗುವಿಗೆ ತಮಾಷೆಯ ನೋಟವಾಗಿ ಮಾಡಬಾರದು. ಲೆಕ್ಕವನ್ನು ಮಾತ್ರ ಮಗುವಿಗೆ ಹೇಳಬೇಕು.

ಐದನೆಯ ತರಗತಿಯಲ್ಲಿ ಹಟ ಹಿಡಿದು ತರಿಸಿದ ಮಗು ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೂ ಪ್ರಾಣಿ ತೊಟ್ಟಿಯಲ್ಲಿಯೇ ಇರುತ್ತದೆ. ಬಹುತೇಕ ಮನೆಗಳಲ್ಲಿ ಆಗ ನೀರು ಬದಲಿಸುವ ಕೈ ತಾಯಿಯದೇ ಆಗಿರುತ್ತದೆ. ಮನೆಯವರೆಲ್ಲ ಶ್ರವಣಬೆಳಗೊಳಕ್ಕೋ ಶಿಖರ್ಜಿಗೋ ಯಾತ್ರೆ ಹೊರಡುವುದಾದರೆ ತೊಟ್ಟಿಯ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಿ, ನೀರಿನ ತಾಪ ಎಷ್ಟಿರಬೇಕು, ಯಾವ ದಿನ ಉಣಿಸಬೇಕು, ಯಾವ ವೈದ್ಯರನ್ನು ಕರೆಯಬೇಕು ಎಂಬುದನ್ನು ನೆರೆಯವರಿಗೆ ಒಂದು ಕಾಗದದಲ್ಲಿ ಬರೆದುಕೊಟ್ಟೇ ಹೊರಡಬೇಕು.